ಹಬ್ಬದ ಸುಣ್ಣ, ರಜೆಯ ಡ್ರಿಲ್ಲು

ಕ್ಯಾಲೆಂಡರಿನಲ್ಲಿ ಮೂರು ಕೆಂಪು ಅಂಕಿಗಳು ಸಾಲಾಗಿ ಬಂದರೆ ಸಾಕು, ನಮ್ಮ ಮನೆಗಳಲ್ಲಿ ಎರಡು ಬಗೆಯ ಕೆಲಸ ಶುರುವಾಗುತ್ತದೆ. ಗೋಡೆಗೆ ಡ್ರಿಲ್ಲಿನಿಂದ ತೂತು ಕೊರೆಯುವುದು, ತೊಟ್ಟಿಕ್ಕುವ ನಲ್ಲಿಗೆ ಹೊಸ ವಾಷರ್ ಹಾಕುವುದು, ಬಿರುಕಿಗೆ ಪುಟ್ಟಿ ಮೆತ್ತುವುದು, ಮಳೆಗಾಲದಲ್ಲಿ ಉಬ್ಬಿ ಕಚ್ಚಿಕೊಂಡ ಬಾಗಿಲಿನ ಅಂಚು ಉಜ್ಜಿ ಸರಿಮಾಡುವುದು, ಇವು ಒಂದು ಬಗೆ. ಅಟ್ಟದ ಸಾಮಾನು ಇಳಿಸಿ ಒರೆಸುವುದು, ಮೂಲೆಮೂಲೆಯ ಬಲೆ ತೆಗೆಯುವುದು, ಡಬ್ಬಿಗಳನ್ನೆಲ್ಲ ತೊಳೆದು ಬೋರಲು ಹಾಕುವುದು, ಹಾಸಿಗೆ ಬಿಸಿಲಿಗೆ ಹಾಕುವುದು ಇನ್ನೊಂದು ಬಗೆ. ಮೊದಲನೆಯದು ಮುಗಿದ ಮೇಲೆ ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕುತ್ತಾರೆ. ಎರಡನೆಯದು ಮುಗಿದ ಮೇಲೆ ಅಡುಗೆಗೆ ಇಡುತ್ತಾರೆ.

ಈ ಎರಡರ ನಡುವಿನ ಗೆರೆ ಅಧಿಕೃತವಾಗಿಯೂ ಇದೆ. ಜನ ದಿನದ 24 ಗಂಟೆಯನ್ನು ಹೇಗೆ ಕಳೆಯುತ್ತಾರೆ ಎಂದು ಅಳೆಯಲು ವಿಶ್ವಸಂಸ್ಥೆ 2016ರಲ್ಲಿ ಒಂದು ವರ್ಗೀಕರಣವನ್ನು ಸಿದ್ಧಪಡಿಸಿತು. ನಮ್ಮ ದೇಶದ 2019ರ ಸಮಯ ಬಳಕೆ ಸಮೀಕ್ಷೆಯೂ ಅದನ್ನೇ ಅನುಸರಿಸಿದೆ. ಅದರಲ್ಲಿ ಸಂಬಳವಿಲ್ಲದ ಮನೆಗೆಲಸಗಳಿಗೆ ಸಂಖ್ಯೆಗಳಿವೆ. 32 ಎಂದರೆ ವಾಸದ ಮನೆ ಮತ್ತು ಅದರ ಸುತ್ತಮುತ್ತಲಿನ ಸ್ವಚ್ಛತೆ, ನಿರ್ವಹಣೆ. 33 ಎಂದರೆ 'ಡು ಇಟ್ ಯುವರ್‌ಸೆಲ್ಫ್' ಅಲಂಕಾರ, ನಿರ್ವಹಣೆ, ದುರಸ್ತಿ. 'ತಾವೇ ಮಾಡಿಕೊಳ್ಳುವುದು' ಎಂಬ ವಿಶೇಷಣ ಇರುವುದು 33ಕ್ಕೆ ಮಾತ್ರ. 32ನ್ನು ಯಾರೋ ಬೇರೆಯವರು ಬಂದು ಮಾಡಿಕೊಟ್ಟು ಹೋಗುತ್ತಾರೇನೋ ಎಂಬಂತೆ!

ನಾನು ಪಿಎಚ್‌ಡಿಗೆ ಎತ್ತಿಕೊಂಡಿರುವುದು ಮಲೆನಾಡಿನ ಮನೆಗಳ ಚರಿತ್ರೆಯನ್ನು. ಮನೆ ಕಟ್ಟಿಸಿದವರ ಬಗ್ಗೆ ಬೇಕಾದಷ್ಟು ದಾಖಲೆ ಸಿಗುತ್ತದೆ. ಕಟ್ಟಿದ ಮನೆಯನ್ನು ವರ್ಷವರ್ಷವೂ ಬೀಳದಂತೆ ನೋಡಿಕೊಂಡವರ ಬಗ್ಗೆ ಏನೂ ಸಿಗುವುದಿಲ್ಲ. ಹಾಗಾಗಿ ಈ 32 ಮತ್ತು 33 ನನ್ನ ತಲೆ ತಿನ್ನುತ್ತಿರುವ ಸಂಖ್ಯೆಗಳು. ಹಬ್ಬಕ್ಕೆ ಮುಂಚೆ ನಮ್ಮ ಅಜ್ಜಿಯರು ಗೋಡೆಗೆ ಸುಣ್ಣ ಬಳಿಯುತ್ತಿದ್ದರಲ್ಲ, ಅದು ಯಾವುದಕ್ಕೆ ಸೇರಬೇಕು? ಸ್ವಚ್ಛತೆಗೋ, ದುರಸ್ತಿಗೋ?

ಉತ್ತರಕ್ಕೆ ಮೊದಲು ಈ ರಜೆ ಎಲ್ಲಿಂದ ಬಂತು ಎಂದು ನೋಡಬೇಕು. ಸೋಮವಾರವನ್ನೂ ಸೇರಿಸಿಕೊಂಡ ಮೂರು ದಿನದ ರಜೆಗೆ ಒಬ್ಬ ಅಪ್ಪನಿದ್ದಾನೆ: ಇಂಗ್ಲೆಂಡಿನ ಸರ್ ಜಾನ್ ಲಬಕ್. ಬ್ಯಾಂಕಿನ ಮನೆತನದವನು, ಸಂಸತ್ ಸದಸ್ಯ, ಚಾರ್ಲ್ಸ್ ಡಾರ್ವಿನ್ನನ ನೆರೆಮನೆಯವನು. ಅವನು ಮಂಡಿಸಿದ 1871ರ ಬ್ಯಾಂಕ್ ರಜಾ ಕಾಯ್ದೆ ಈಸ್ಟರ್ ಸೋಮವಾರ, ವಿಟ್ ಸೋಮವಾರ, ಆಗಸ್ಟ್ ತಿಂಗಳ ಮೊದಲ ಸೋಮವಾರ ಮತ್ತು ಡಿಸೆಂಬರ್ 26ನ್ನು ರಜೆ ಮಾಡಿತು. ಜನ ಖುಷಿಯಿಂದ ಆ ದಿನಕ್ಕೆ 'ಸಂತ ಲಬಕ್ಕನ ದಿನ' ಎಂದು ಹೆಸರಿಟ್ಟರು. ಪುರಾತತ್ವ ಓದಿದವರಿಗೆ ಈ ಹೆಸರು ಬೇರೆ ಕಾರಣಕ್ಕೆ ಗೊತ್ತಿರುತ್ತದೆ. ಹಳೆ ಶಿಲಾಯುಗ, ಹೊಸ ಶಿಲಾಯುಗ ಎಂದು ನಾವು ಹೇಳುತ್ತೇವಲ್ಲ, ಅವುಗಳ ಇಂಗ್ಲಿಷ್ ಮೂಲಪದಗಳನ್ನು 1865ರಲ್ಲಿ ಟಂಕಿಸಿದವನೂ ಇವನೇ. ಬಳ್ಳಾರಿ ಹತ್ತಿರದ ಸಂಗನಕಲ್ಲಿನ ಕೊಡಲಿಗಳ ಬಗ್ಗೆ ಪರೀಕ್ಷೆಯಲ್ಲಿ ಬರೆಯುವಾಗ ಬ್ಯಾಂಕ್ ರಜೆ ತಂದುಕೊಟ್ಟವನ ಪದವನ್ನೇ ನಾವು ಬಳಸುತ್ತಿರುತ್ತೇವೆ.

ಲಬಕ್ಕನಿಗಿಂತ ಮೊದಲು ಅಲ್ಲಿಯ ಕುಶಲಕರ್ಮಿಗಳಿಗೆ ರಜೆ ಇರಲಿಲ್ಲ ಎಂದಲ್ಲ. ಸೋಮವಾರ ಕೆಲಸಕ್ಕೆ ಚಕ್ಕರ್ ಹೊಡೆಯುವ 'ಸಂತ ಸೋಮವಾರ'ದ ಆಚರಣೆ ತಲೆಮಾರುಗಳಿಂದ ನಡೆದುಬಂದಿತ್ತು. ಇ.ಪಿ. ಥಾಂಪ್ಸನ್ 1967ರ ತನ್ನ ಪ್ರಸಿದ್ಧ ಪ್ರಬಂಧದಲ್ಲಿ ಇದನ್ನು ವಿವರವಾಗಿ ಚರ್ಚಿಸುತ್ತಾನೆ. ಕಾರ್ಖಾನೆಯ ಗಡಿಯಾರ ಆ ಬಿಡುಬೀಸಿನ ಸೋಮವಾರವನ್ನು ಕಿತ್ತುಕೊಂಡಿತು, ಬದಲಿಗೆ ಶನಿವಾರದ ಅರ್ಧ ದಿನವನ್ನೂ ಕಾಯ್ದೆಯ ಕೆಲವು ಸೋಮವಾರಗಳನ್ನೂ ಎಣಿಸಿ ಕೊಟ್ಟಿತು. ನಮ್ಮಲ್ಲಿ ಭಾನುವಾರದ ರಜೆಯೂ ಪುಕ್ಕಟೆ ಬಂದದ್ದಲ್ಲ. ಜೋತಿಬಾ ಫುಲೆಯವರ ಒಡನಾಡಿ ನಾರಾಯಣ ಮೇಘಾಜಿ ಲೋಖಂಡೆ ಮುಂಬಯಿಯ ಗಿರಣಿ ಕಾರ್ಮಿಕರನ್ನು ಸಂಘಟಿಸಿ ವರ್ಷಗಟ್ಟಲೆ ಅರ್ಜಿ, ಸಭೆ ಎಂದು ಓಡಾಡಿದ ಮೇಲೆ 1890ರಲ್ಲಿ ಗಿರಣಿ ಮಾಲೀಕರು ಒಪ್ಪಿದರು. ಮರುವರ್ಷ ಅದು ಕಾರ್ಖಾನೆ ಕಾಯ್ದೆಗೆ ಸೇರಿತು. ಕೇಂದ್ರ ಸರ್ಕಾರದ ಕಚೇರಿಗಳಿಗೆ ವಾರಕ್ಕೆ ಐದು ದಿನದ ಕೆಲಸ ಬರಲು 1985ರವರೆಗೆ ಕಾಯಬೇಕಾಯಿತು.

ರಜೆಯೊಂದೇ ಸಿಕ್ಕರೆ ಯಾರೂ ಸುತ್ತಿಗೆ ಹಿಡಿಯುವುದಿಲ್ಲ. ಹಿಡಿಯಲು ಸ್ವಂತದ್ದೊಂದು ಮನೆ ಬೇಕು, ಕೆಲಸದವರು ದುಬಾರಿಯಾಗಬೇಕು, ಕೈಗೆಟಕುವ ಬೆಲೆಯ ಉಪಕರಣ ಬೇಕು. ಎರಡನೇ ಮಹಾಯುದ್ಧದ ನಂತರ ಅಮೆರಿಕ ಮತ್ತು ಬ್ರಿಟನ್‌ನಲ್ಲಿ ಈ ಮೂರೂ ಕೂಡಿಬಂದವು. ಬ್ಲ್ಯಾಕ್ ಅಂಡ್ ಡೆಕರ್ ಕಂಪನಿ 1946ರಲ್ಲಿ ಮನೆಬಳಕೆಯ ಡ್ರಿಲ್ಲುಗಳನ್ನು ಮಾರುಕಟ್ಟೆಗೆ ಬಿಟ್ಟಿತು. 1954ರ ಆಗಸ್ಟಿನಲ್ಲಿ 'ಟೈಮ್' ಪತ್ರಿಕೆ ಡಿಐವೈ ಹುಚ್ಚನ್ನೇ ಮುಖಪುಟಕ್ಕೆ ತಂದಿತು. ಬ್ರಿಟನ್ನಿನಲ್ಲಿ ಬ್ಯಾರಿ ಬಕ್ನೆಲ್ ಎಂಬಾತ ಬಿಬಿಸಿ ಟಿವಿಯಲ್ಲಿ ಕಾಣಿಸಿಕೊಂಡು, ಚೌಕಟ್ಟು ಕೆತ್ತನೆಯ ಹಳೆಯ ಬಾಗಿಲುಗಳಿಗೆ ಹಾರ್ಡ್‌ಬೋರ್ಡ್ ಹೊಡೆದು ಸಪಾಟು ಮಾಡುವುದನ್ನು ಇಡೀ ದೇಶಕ್ಕೆ ಕಲಿಸಿದ. ಮುಂದಿನ ತಲೆಮಾರಿನವರು ರಜೆ ಹಾಕಿ ಆ ಹಾರ್ಡ್‌ಬೋರ್ಡನ್ನು ಕಿತ್ತರು ಎನ್ನುವುದು ಬೇರೆ ಮಾತು. ಸ್ಟೀವನ್ ಗೆಲ್ಬರ್ 1997ರ ಲೇಖನವೊಂದರಲ್ಲಿ ಇದರ ಒಳಗುಟ್ಟನ್ನು ಬಿಡಿಸಿಟ್ಟಿದ್ದಾನೆ. ಆಫೀಸಿನ ಕುರ್ಚಿಯಲ್ಲಿ ಕೂತು ಕೈಕೆಲಸ ಮರೆತ ಗಂಡಸಿಗೆ, ಮನೆಯೊಳಗೆ ಗಂಡಸಾಗಿಯೇ ಇದ್ದುಕೊಂಡು ಮಾಡಬಹುದಾದ ಒಂದು ಕೆಲಸವನ್ನು ಡಿಐವೈ ಒದಗಿಸಿತು ಎನ್ನುವುದು ಅವನ ವಾದ. ಅದು ಕೆಲಸವೂ ಹೌದು, ಆಟವೂ ಹೌದು. ಬೇಡವೆನಿಸಿದರೆ ಬಿಡಲೂಬಹುದು. 32ಕ್ಕೂ 33ಕ್ಕೂ ನಿಜವಾದ ವ್ಯತ್ಯಾಸ ಈ ಬಿಡುವ ಸ್ವಾತಂತ್ರ್ಯದಲ್ಲಿದೆ ಎಂದು ನನಗನಿಸುತ್ತದೆ.

ನಮ್ಮ ಕಡೆಗೆ ಬರೋಣ. ಇಲ್ಲಿ ಮನೆ ರಿಪೇರಿಯ ದಿನ ಗೊತ್ತುಮಾಡುತ್ತಿದ್ದದ್ದು ವಾರಾಂತ್ಯವಲ್ಲ, ಮಳೆ ಮತ್ತು ಹಬ್ಬ. ಮಲೆನಾಡಿನಲ್ಲಿ ಮುಂಗಾರಿಗೆ ಮುಂಚೆ ಮಾಡಿನ ಕೆಲಸ, ಮಳೆ ಹಿಂತೆಗೆದ ಮೇಲೆ ಗೋಡೆ ಮತ್ತು ನೆಲದ ಕೆಲಸ. ಹುಲ್ಲಿನ, ಅಡಿಕೆ ಸೋಗೆಯ ಮಾಡುಗಳಿದ್ದ ಕಾಲದಲ್ಲಿ ವರ್ಷಕ್ಕೊಮ್ಮೆ ಹೊದಿಕೆ ಬದಲಿಸಬೇಕಿತ್ತು. ಅದು ಒಂದು ಮನೆಯವರಿಂದ ಆಗುವ ಕೆಲಸವಲ್ಲ. ಇಂದು ನಿಮ್ಮ ಮನೆಗೆ ನಾವು, ನಾಳೆ ನಮ್ಮ ಮನೆಗೆ ನೀವು. ಇದಕ್ಕೆ ಮುಯ್ಯಾಳು ಎಂದು ಹೆಸರು. ಲೆಕ್ಕ ಬಾಯಲ್ಲೇ ಇರುತ್ತಿತ್ತು, ಯಾರೂ ಮರೆಯುತ್ತಿರಲಿಲ್ಲ. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದರು. ಮಂಗಳೂರು ಹೆಂಚು ಘಟ್ಟ ಹತ್ತಿ ಬಂದ ಮನೆಗಳಲ್ಲಿ ಮಾಡಿನ ಮುಯ್ಯಾಳು ಬೇಕಿಲ್ಲವಾಯಿತು. ಮೇ ತಿಂಗಳಲ್ಲಿ ಮಾಡು ಹತ್ತಿ 'ಹೆಂಚು ಕೈಯಾಡಿಸಲು', ಎಂದರೆ ಒಡೆದದ್ದನ್ನು ತೆಗೆದು ಸರಿದದ್ದನ್ನು ಕೂರಿಸಲು, ಒಬ್ಬಿಬ್ಬರು ಸಾಕು. ಬೆಂಕಿಯ ಹೆದರಿಕೆ ಕಡಿಮೆಯಾಯಿತು, ಅದರ ಜೊತೆಗೇ ಒಂದು ಲೇವಾದೇವಿಯೂ ನಿಂತಿತು.

ಗೋಡೆಯ ಕಥೆ ಹಾಗಲ್ಲ. ನಾಲ್ಕು ತಿಂಗಳ ಮಳೆ ಕುಡಿದ ಮಣ್ಣಿನ ಗೋಡೆಗೆ ಬೂಷ್ಟು ಹಿಡಿದಿರುತ್ತದೆ. ಸುಣ್ಣ ತೀಕ್ಷ್ಣ ಕ್ಷಾರ, ಬೂಷ್ಟನ್ನು ಕೊಲ್ಲುತ್ತದೆ. ದಸರೆಗೋ ದೀಪಾವಳಿಗೋ ಮುಂಚೆ ಸುಣ್ಣ ಬಳಿಯುವುದಕ್ಕೆ ಹೀಗೊಂದು ಗಟ್ಟಿ ಕಾರಣವಿದೆ. ಬಯಲುಸೀಮೆಯಲ್ಲಿ ಯುಗಾದಿಗೂ ಇದು ನಡೆಯುತ್ತದೆ. ಕರಾವಳಿಯಲ್ಲಿ ಚಿಪ್ಪು ಸುಟ್ಟ ಸುಣ್ಣ, ಒಳನಾಡಿನಲ್ಲಿ ಸುಣ್ಣಕಲ್ಲು ಸುಟ್ಟದ್ದು. ಗೂಡಿನಿಂದ ಬಂದ ಸುಟ್ಟ ಸುಣ್ಣವನ್ನು ಬಾನಿಗೆ ಹಾಕಿ ನೀರು ಹೊಯ್ದರೆ ಒಲೆಯಿಲ್ಲದೆ ಕೊತಕೊತ ಕುದಿಯುತ್ತದೆ. ಮಕ್ಕಳನ್ನು ದೂರ ಓಡಿಸಿ, ಮುಖ ಆಚೆ ತಿರುಗಿಸಿಕೊಂಡು ನೀರು ಹಾಕಬೇಕು. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎಂಬ ಗಾದೆಯನ್ನು ನಾವು ಪಕ್ಷಪಾತಕ್ಕೆ ಹೇಳುತ್ತೇವೆ. ಸುಣ್ಣ ಅರಳಿಸಿದವರಿಗೆ ಅದರ ಅಕ್ಷರಾರ್ಥವೂ ಗೊತ್ತು. ರಾತ್ರಿಯಿಡೀ ನೆನೆದ ಸುಣ್ಣವನ್ನು ಹಳೆ ಬಟ್ಟೆಯಲ್ಲಿ ಸೋಸಿ, ಕೈಗೆ ಅಂಟದಿರಲೆಂದು ಗೋಂದು ಬೆರೆಸಿ, ಬಿಳುಪು ಎದ್ದು ಕಾಣಲೆಂದು ಚಿಟಿಕೆ ನೀಲಿ ಹಾಕುತ್ತಾರೆ. ಕತ್ತಾಳೆ ನಾರಿನ ಕುಂಚ. ಅದಿಲ್ಲದಿದ್ದರೆ ತುದಿ ಜಜ್ಜಿದ ಈಚಲ ಕಡ್ಡಿ.

ಬಳಿದ ಕೂಡಲೇ ಸುಣ್ಣ ಕಾಣಿಸುವುದಿಲ್ಲ. ಹಸಿ ಗೋಡೆಯ ಮೇಲೆ ಅದು ನೀರಿನ ಹಾಗೆ ಪಾರದರ್ಶಕ, ಎಲ್ಲಿ ಬಳಿದೆ ಎಲ್ಲಿ ಬಿಟ್ಟೆ ಎಂದು ತಿಳಿಯದು. ಒಣಗುತ್ತ ಒಣಗುತ್ತ ಬೆಳ್ಳಗಾಗುತ್ತದೆ, ಆಮೇಲೆ ದಿನಗಟ್ಟಲೆ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಆದ್ದರಿಂದ ದಪ್ಪಗೆ ಒಂದು ಸಲ ಬಳಿದು ಮುಗಿಸುವಂತಿಲ್ಲ. ತೆಳ್ಳಗೆ ಎರಡು ಮೂರು ಸಲ, ನಡುವೆ ಒಣಗಲು ಬಿಟ್ಟು ಬಳಿಯಬೇಕು. ಎರಡು ಕೈಗಳ ನಡುವಿನ ಆ ಬಿಡುವಿನಲ್ಲಿ ನೆಲ ಸಾರಿಸುವುದು. ಸಗಣಿಗೆ ಇದ್ದಿಲ ಪುಡಿ, ಟಾರ್ಚು ಬಂದ ಮೇಲೆ ಹಳೆ ಬ್ಯಾಟರಿ ಸೆಲ್ಲು ಒಡೆದು ತೆಗೆದ ಕಪ್ಪು. ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ. ಸಾಗರ, ಸೊರಬದ ಕಡೆ ದೀವರ ಹೆಂಗಸರು ಇದೇ ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಯ ಬಿಳಿ ಮತ್ತು ಪುಂಡಿ ನಾರಿನ ಕುಂಚದಲ್ಲಿ ಹಸೆ ಚಿತ್ತಾರ ಬರೆಯುತ್ತಾರೆ. ಚಿತ್ತಾರ ಇಂದು ಕಲೆಯೆಂದು ಪ್ರದರ್ಶನಕ್ಕೆ ಹೋಗುತ್ತದೆ, ಹೋಗಬೇಕಾದ್ದೇ. ಅದರ ಹಿಂದಿನ ಗೋಡೆಯನ್ನು ಹದಮಾಡಿದ್ದೂ ಅದೇ ಕೈ ಎಂದು ಫಲಕದಲ್ಲಿ ಬರೆದದ್ದನ್ನು ನಾನಂತೂ ಕಂಡಿಲ್ಲ.

ಇದನ್ನೆಲ್ಲ ಹೇಳುವಾಗ 'ಹಿಂದಿನವರು ಎಲ್ಲವನ್ನೂ ತಾವೇ ಮಾಡಿಕೊಳ್ಳುತ್ತಿದ್ದರು' ಎಂಬ ಹಿತವಾದ ಮಾತು ಬಾಯಿಗೆ ಬರುತ್ತದೆ. ಆ ಮಾತನ್ನು ನಾನು ನಂಬುವುದಿಲ್ಲ. ದೊಡ್ಡ ಮನೆಗಳಲ್ಲಿ 'ತಾವೇ' ಎನ್ನುವುದರೊಳಗೆ ಒಕ್ಕಲುಗಳು, ಆಳುಗಳು, ಅವರ ಹೆಂಡಿರು ಮಕ್ಕಳು ಎಲ್ಲ ಸೇರುತ್ತಿದ್ದರು. ಸುಣ್ಣ ಸುಡುವುದು ಕೆಲವು ಸಮುದಾಯಗಳ ಕಸುಬಾಗಿತ್ತು. ಉತ್ತರ ಕರ್ನಾಟಕದಲ್ಲಿ ಸುಣಗಾರ ಎಂಬ ಅಡ್ಡಹೆಸರು ಈಗಲೂ ಇದೆ. ಮಣ್ಣು ತುಳಿದು ಗೋಡೆ ಎಬ್ಬಿಸಿದ ಎಷ್ಟೋ ಜನ ಗೃಹಪ್ರವೇಶದ ಮರುದಿನದಿಂದ ಆ ಗೋಡೆಯ ಒಳಬದಿಯನ್ನು ನೋಡುವಂತಿರಲಿಲ್ಲ. ಅವರು ಹೊರಗೋಡೆಗೆ, ಕೊಟ್ಟಿಗೆಗೆ ಸುಣ್ಣ ಬಳಿದರೆ ನಡುಮನೆ, ದೇವರಮನೆಯ ಗೋಡೆಗಳು ಮನೆ ಹೆಂಗಸರ ಪಾಲಿಗೆ. ಮೈಲಿಗೆಯ ಗೆರೆ ಎಲ್ಲಿ ಹಾದುಹೋಗುತ್ತಿತ್ತೋ ಅಲ್ಲಿ ಕುಂಚ ಕೈ ಬದಲಿಸುತ್ತಿತ್ತು.

ಸುಣ್ಣ ಒಂದು ಕಾಲಕ್ಕೆ ಸರ್ಕಾರದ ಅಪ್ಪಣೆಯಾಗಿಯೂ ಬಂದಿದೆ. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಂತು, 1898ರಲ್ಲಿ ಹುಬ್ಬಳ್ಳಿಯನ್ನೂ ಬೆಂಗಳೂರನ್ನೂ ಹಿಡಿಯಿತು. ಮುಂಬಯಿಯಲ್ಲಿ ತಪಾಸಣೆಯ ತಂಡಗಳು ಮನೆಯೊಳಗೆ ನುಗ್ಗಿ ಸಾಮಾನು ಹೊರಗೆಸೆದು, ಹೆಂಚು ತೆಗೆದು ಬಿಸಿಲು ಬಿಟ್ಟು, ಗೋಡೆಗೆ ಸುಣ್ಣ ಬಳಿಸಿದವು. ವಾಸಕ್ಕೆ ಯೋಗ್ಯವಲ್ಲ ಎಂದು ಕಂಡ ಮನೆಗಳಿಗೆ ಗುರುತು ಹಾಕಿದವು. ಬೆಂಗಳೂರಿನಲ್ಲಿ ಗಾಳಿ ಬೆಳಕಿನ ಅಗಲ ಬೀದಿಗಳ ಮಲ್ಲೇಶ್ವರ, ಬಸವನಗುಡಿಗಳು ಬೆಳೆದದ್ದು ಈ ಪ್ಲೇಗಿನ ನೆರಳಲ್ಲಿ. ಹಬ್ಬದ ಸುಣ್ಣವೂ ಪ್ಲೇಗಿನ ಸುಣ್ಣವೂ ಒಂದೇ ಬಾನಿಯದು. ಎರಡನೆಯದಕ್ಕೆ ಮಾತ್ರ ವರದಿಗಳಿವೆ, ಲೆಕ್ಕಗಳಿವೆ, ಅಧಿಕಾರಿಗಳ ರುಜುವಿದೆ. ನನ್ನಂಥ ವಿದ್ಯಾರ್ಥಿ ಪತ್ರಾಗಾರಕ್ಕೆ ಹೋಗಿ 'ಸುಣ್ಣ' ಎಂದು ಹುಡುಕಿದರೆ ಕೈಗೆ ಸಿಗುವುದು ಅದೇ.

ಆಮೇಲೆ ಸಿಮೆಂಟು ಬಂತು. 1923ರಲ್ಲಿ ಶುರುವಾದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಮುಂದೆ ಸಿಮೆಂಟನ್ನೂ ತಯಾರಿಸಿತು. ಗಾರೆ ನೆಲ, ಡಿಸ್ಟೆಂಪರು, ಎಮಲ್ಷನ್ನು, ಬಣ್ಣ ಬಳಿಯುವ ಗುತ್ತಿಗೆದಾರ. ಹೆಂಗಸರ ಕೈಗೆ ವಿಶ್ರಾಂತಿ ಸಿಕ್ಕಿತು. ಸುಣ್ಣದ ನೀರಿನಲ್ಲಿ ಬೆರಳ ಸಂದು ಬಿರಿದು, ಎರಡು ದಿನ ಸಾರಿನ ಖಾರ ತಾಗಿದರೆ ಉರಿಯುತ್ತಿದ್ದವರಿಗೆ ಅದು ಸಣ್ಣ ವಿಷಯವಲ್ಲ. ಹಳೆಯದೆಲ್ಲ ಚಂದ ಎಂದು ಕೊರಗುವ ಆಸೆ ನನಗಿಲ್ಲ. ಆದರೆ ಅವರ ಜೊತೆಗಿದ್ದ ಹದದ ತಿಳಿವಳಿಕೆಯೂ ಅದೇ ಹೊತ್ತಿಗೆ ಲೆಕ್ಕದಿಂದ ಹೊರಗೆ ಹೋಯಿತು. ಗೋಡೆ ದುರಸ್ತಿ ಎಂಬುದು ಈಗ ಹೊಸದಾಗಿ, ವಿಡಿಯೋ ನೋಡಿ ಕಲಿಯಬೇಕಾದ ಹವ್ಯಾಸವಾಗಿ ಮನೆಗೆ ವಾಪಸಾಗಿದೆ. ಈ ಸಲ ಅದು ಬಹುಮಟ್ಟಿಗೆ ಗಂಡಸರ ಕೈಗೆ ಬಂದಿದೆ, 33ರ ಪಾಲಾಗಿದೆ.

ಕಳೆದ ಆಯುಧಪೂಜೆಗೆ ಬೆಂಗಳೂರಿನಿಂದ ಬಂದ ನಮ್ಮ ಅಣ್ಣ ಹೊಸ ಡ್ರಿಲ್ಲಿಗೆ ಕುಂಕುಮ ಹಚ್ಚಿ, ಮರುದಿನ ಪುಸ್ತಕದ ಶೆಲ್ಫು ಹಾಕಲು ನಿಂತ. ನಮ್ಮದು ಹಳೆಯ ಮಣ್ಣಿನ ಗೋಡೆ. ಪ್ಲಾಸ್ಟಿಕ್ ಪ್ಲಗ್ಗು ತೂತಿನಲ್ಲಿ ನಿಲ್ಲದೆ ಸ್ಕ್ರೂ ಸಮೇತ ಕೈಗೇ ಬಂತು. "ಅದಕ್ಕೆ ಮರದ ಗೂಟ ಹೊಡಿ ಮಾರಾಯ, ನಿನ್ನ ಅಜ್ಜ ಹಾಗೇ ಮಾಡ್ತಿದ್ರು" ಎಂದರು ಅಮ್ಮ. ಗೂಟ ನಿಂತಿತು, ಶೆಲ್ಫೂ ನಿಂತಿತು. ಅಣ್ಣ ಖುಷಿಯಿಂದ ಎರಡು ಹೆಜ್ಜೆ ಹಿಂದೆ ಸರಿದು ನೋಡುತ್ತಿದ್ದಾಗ ಅಮ್ಮ ಕಸಬರಿಗೆ ತಂದು ಕೆಳಗೆ ಬಿದ್ದ ಕೆಂಪು ಮಣ್ಣನ್ನು ಗುಡಿಸತೊಡಗಿದರು. ಕೊರೆದದ್ದು 33, ಗುಡಿಸಿದ್ದು 32 ಎಂದು ನಾನು ಮನಸ್ಸಿನಲ್ಲೇ ಬರೆದುಕೊಂಡೆ. ಗೂಟದ ಉಪಾಯ ಹೇಳಿಕೊಟ್ಟದ್ದಕ್ಕೆ ಯಾವ ಸಂಖ್ಯೆಯೋ!

2019ರ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕಳೆಯುತ್ತಾರೆ, ತೊಡಗಿದ ಗಂಡಸರು 97 ನಿಮಿಷ. ಸಮೀಕ್ಷೆ ಇವತ್ತಿನದನ್ನು ಎಣಿಸಬಲ್ಲದು. ಹಿಂದಿನ ಸುಣ್ಣದ ದಿನಗಳನ್ನು ಎಣಿಸಬೇಕಾದರೆ ಮಾಡಿದವರನ್ನೇ ಕೇಳಬೇಕು, ಕೇಳುವ ರೀತಿಯನ್ನೂ ಕಲಿಯಬೇಕು. ಸಾಗರದ ಹತ್ತಿರದ ಹಳ್ಳಿಯೊಂದರಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರನ್ನು "ಹಬ್ಬಕ್ಕೆ ಮುಂಚೆ ನಿಮಗೆ ಏನೇನು ಕೆಲಸ ಇರ್ತಿತ್ತು?" ಎಂದು ಕೇಳಿದೆ. "ಕೆಲಸ ಎಂಥದು ಮಗಾ, ಅಡುಗೆ ಮಾಡೂದು, ಅಷ್ಟೇ" ಎಂದು ನಕ್ಕುಬಿಟ್ಟರು. ಸ್ವಲ್ಪ ಹೊತ್ತು ಬಿಟ್ಟು, "ಈ ಗೋಡೆಗೆ ಸುಣ್ಣ ಎಷ್ಟು ತೆಳ್ಳಗಿರಬೇಕು?" ಎಂದೆ. ಅಜ್ಜಿ ಎದ್ದು ಕೂತರು. ಮಜ್ಜಿಗೆಗಿಂತ ತೆಳ್ಳಗೆ, ಅಕ್ಕಿ ತೊಳೆದ ನೀರಿಗಿಂತ ಗಟ್ಟಿ. ಮೊದಲ ಕುಂಚ ಹಾಕುವುದು ಕೊಟ್ಟಿಗೆಯ ಹಿಂಗೋಡೆಗೆ. ಅಲ್ಲಿ ಯಾರೂ ನೋಡುವುದಿಲ್ಲ, ಹದ ಗೊತ್ತಾಗುತ್ತದೆ, ಜಗುಲಿಗೆ ಬರುವ ಹೊತ್ತಿಗೆ ಕೈ ಕೂತಿರುತ್ತದೆ. ಗೋಡೆಗೆ ಮೊದಲು ನೀರು ಚಿಮುಕಿಸಬೇಕು, ಇಲ್ಲದಿದ್ದರೆ ಮಣ್ಣು ಸುಣ್ಣದ ನೀರನ್ನೆಲ್ಲ ಕುಡಿದು ಪುಡಿ ಏಳುತ್ತದೆ. ಮಾತು ಮುಕ್ಕಾಲು ಗಂಟೆ ನಡೆಯಿತು.

ಹೊರಡುವಾಗ ಆ ಕೊಟ್ಟಿಗೆಯ ಹಿಂಗೋಡೆಯನ್ನು ನೋಡಲು ಹೋದೆ. ದನಗಳಿಲ್ಲದೆ ಎಷ್ಟೋ ವರ್ಷವಾಗಿದೆ, ಒಂದು ಕಡೆ ಸುಣ್ಣದ ಚಕ್ಕೆ ಏಳುತ್ತಿದೆ. ಅಜ್ಜಿಯ ಒಪ್ಪಿಗೆ ಪಡೆದು ಬೆರಳಗಲದ ಒಂದು ಚಕ್ಕೆ ಬಿಡಿಸಿಕೊಂಡು, ಅಂಚನ್ನು ಭೂತಗನ್ನಡಿಯ ಕೆಳಗೆ ಹಿಡಿದೆ. ಪದರದ ಮೇಲೆ ಪದರ; ಕೆಲವು ಅಪ್ಪಟ ಬಿಳಿ, ಕೆಲವಕ್ಕೆ ನೀಲಿಯ ಛಾಯೆ, ನಡುವೆ ಎಲ್ಲೋ ಒಂದು ವರ್ಷ ಕೆಮ್ಮಣ್ಣು ಸಿಡಿದ ಗೆರೆ. ಹತ್ತೊಂಬತ್ತರವರೆಗೆ ಎಣಿಸಿದೆ. ಅದರ ಕೆಳಗಿನದು ಬೆರಳಲ್ಲೇ ಪುಡಿಯಾಯಿತು.